ದುರ್ಗಕ್ಕೆ ಕಿಂಡಿಯಿಂದ ಹೋಗಬೇಡಿ

ಅಧ್ಯಕ್ಷರೇ, ಸ್ನೇಹಿತರೇ,

ಬಾಗಿಲಲ್ಲೇ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟು, ನಿಮ್ಮ ಮೆಚ್ಚಿನ ತ.ರಾ.ಸು. ಕಾದಂಬರಿ ಯಾವುದು ಬರೆಯಿರಿ ಅಂದಿದ್ದರು. ಆ ಚೀಟಿಗಳನ್ನು ಈಗಷ್ಟೇ ನೋಡಿದೆ. ಹೆಚ್ಚಿನವರು ಚಿತ್ರದುರ್ಗದ ಪತನದ ಕತೆ 'ದುರ್ಗಾಸ್ತಮಾನ' ಅಂದಿದ್ದೀರಿ. ಇಬ್ಬರೋ ಮೂವರೋ 'ಹಂಸಗೀತೆ'. ಒಬ್ಬರು ಮಾತ್ರ 'ವಿಷ್ಣುವರ್ಧನ್' ಅಂತ ಬರೆದಿದ್ದಾರೆ! ಪರವಾಗಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ಕತೆಯಿಂದ ವಿಷ್ಣುವರ್ಧನ್ ನಾಯಕರಾದ 'ನಾಗರಹಾವು' ಸಿನಿಮಾ ತೆಗೆದ ಮೇಲೆ ಎಷ್ಟೋ ಜನ ತ.ರಾ.ಸು. ಬಳಿಗೆ ಬಂದಿದ್ದೇ ಆ ದಾರಿಯಲ್ಲಿ. ಸಿನಿಮಾ ನೋಡಿ ತ.ರಾ.ಸು. 'ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ' ಅಂದ ಮಾತು ನಿಮಗೆ ಗೊತ್ತೇ ಇದೆ.

ನನ್ನ ತಕರಾರು 'ದುರ್ಗಾಸ್ತಮಾನ'ದ ಚೀಟಿಗಳ ಮೇಲೆ. ಪುಸ್ತಕದ ಮೇಲಲ್ಲ, ಓದುವ ವರಸೆಯ ಮೇಲೆ. ನಿಮ್ಮಲ್ಲಿ ಎಷ್ಟು ಜನ ಅದಕ್ಕಿಂತ ಹಿಂದಿನ ದುರ್ಗದ ಕತೆ 'ಕಂಬನಿಯ ಕುಯಿಲು' ಓದಿದ್ದೀರಿ? ಕೈ ಎತ್ತಿ. ನೋಡಿ, ಇಷ್ಟೇ! ಉಳಿದವರೆಲ್ಲ ದುರ್ಗದೊಳಗೆ ಕಿಂಡಿಯಿಂದ ನುಗ್ಗಿದ್ದೀರಿ. ಹಾಗೆ ನುಗ್ಗಿದವರಿಗೆ ಓಬವ್ವ ಏನು ಮಾಡಿದಳು ಅಂತ ಗೊತ್ತಲ್ವಾ?

ನಾನೂ ಹಾಗೇ ನುಗ್ಗುವವನಿದ್ದೆ. ತಡೆದದ್ದು ನಮ್ಮ ಸೋದರಮಾವ. ಅವರ ಬೀರುವಿನಲ್ಲಿ ತ.ರಾ.ಸು. ಸಾಲಾಗಿ ಇದ್ದರು. ದಪ್ಪಗಿದ್ದ ಪುಸ್ತಕಕ್ಕೆ ಕೈ ಹಾಕಿದೆ. "ಅದನ್ನ ಈಗ ಕೊಟ್ರೆ ನೀನು ಅಳ್ತೀಯ, ಯಾಕೆ ಅಳ್ತಿದೀಯ ಅಂತ ಗೊತ್ತಾಗಲ್ಲ" ಅಂದರು. ರಟ್ಟು ಹರಿದ 'ಕಂಬನಿಯ ಕುಯಿಲು' ಕೈಗಿಟ್ಟರು. ಅದನ್ನು ಮುಗಿಸಿದ ಮೇಲೆ 'ರಕ್ತರಾತ್ರಿ', ಆಮೇಲೆ 'ತಿರುಗುಬಾಣ'. ಪ್ರತಿ ಸಲ ಹಿಂದಿರುಗಿಸುವಾಗ ಒಂದೇ ಪ್ರಶ್ನೆ: "ದಳವಾಯಿ ಮುದ್ದಣ್ಣ ಕೆಟ್ಟವನೇನೋ?" "ಹೌದು ಮಾವ" ಅಂದರೆ ಮುಖ ಸಿಂಡರಿಸೋರು. "ಅವನೊಬ್ಬನೇನಾ?" ಅನ್ನೋರು. ನಾನು ಬಾಯಿಗೆ ಬಂದ ಹೆಸರೆಲ್ಲ ಹೇಳುತ್ತಿದ್ದೆ. ಅತ್ತೆ ಒಳಗಿನಿಂದ, "ಪುಸ್ತಕ ಕೊಡೋದಾದ್ರೆ ಕೊಡಿ, ಪರೀಕ್ಷೆ ಯಾಕೆ?" ಅಂತ ಕೂಗೋರು.

ಮಾವನ ಪ್ರಶ್ನೆಯಲ್ಲಿ ತಿರುಳಿತ್ತು. ಈ ಮೂರು ಕಾದಂಬರಿಗಳಲ್ಲಿ ಹೈದರಾಲಿ ಇಲ್ಲ. ಕತೆ ಅವನಿಗಿಂತ ಸುಮಾರು ನೂರು ವರ್ಷ ಹಿಂದಿನದು. ಹೊರಗಿನ ಶತ್ರು ಮುಖ್ಯನೇ ಅಲ್ಲ. ಪಟ್ಟಕ್ಕೆ ಯಾರು ಬರಬೇಕು, ಯಾರು ಇಳಿಯಬೇಕು ಅಂತ ಸೇನೆಯ ಮುಖ್ಯಸ್ಥ ದಳವಾಯಿ ಮುದ್ದಣ್ಣನೇ ತೀರ್ಮಾನ ಮಾಡಲು ಹೊರಡುತ್ತಾನೆ. ಪಟ್ಟಕ್ಕೆ ಬಂದ ಲಿಂಗಣ್ಣ ನಾಯಕನ ಕೊಲೆಯಾಗುತ್ತದೆ. ಏಳು ಸುತ್ತಿನ ಕೋಟೆ ಹೊರಗಿನವರನ್ನು ತಡೆಯುತ್ತದೆ, ಒಳಗೇ ಇರುವವನನ್ನು ಹೇಗೆ ತಡೆಯುತ್ತದೆ ಹೇಳಿ?

ಇದನ್ನು ಓದಿಕೊಂಡು 'ದುರ್ಗಾಸ್ತಮಾನ'ಕ್ಕೆ ಬನ್ನಿ. 1754ರಲ್ಲಿ ಜಾನಕಲ್ಲಿನ ಹುಡುಗ ಮದಕರಿ ನಾಯಕ ಪಟ್ಟಕ್ಕೆ ಬರುತ್ತಾನೆ. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಗುತ್ತದೆ. ಬರೀ ಇದನ್ನೇ ಓದಿದವರಿಗೆ ಅದೊಂದು ದೊಡ್ಡ ಯುದ್ಧದ ಸೋಲು. ಮೊದಲ ಮೂರನ್ನೂ ಓದಿದವರು ಅರಮನೆಯಲ್ಲಿ ಇಬ್ಬರು ಪಿಸುಗುಟ್ಟಿದರೂ ಬೆಚ್ಚುತ್ತಾರೆ. ಇವರು ಇದನ್ನು ಹಿಂದೆಯೇ ಕಂಡವರು. 1982ರಲ್ಲಿ 'ದುರ್ಗಾಸ್ತಮಾನ' ಬರುವ ಹೊತ್ತಿಗೆ ಹಳೆಯ ಓದುಗರು ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡೇ ಪುಸ್ತಕ ತೆರೆದಿರುತ್ತಾರೆ. ನಾವು ಅದಿಲ್ಲದೆ ಓದುತ್ತಿದ್ದೇವೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದೂ 'ದುರ್ಗಾಸ್ತಮಾನ'ಕ್ಕೇ, 1985ರಲ್ಲಿ. ಅಷ್ಟರಲ್ಲಿ ತ.ರಾ.ಸು. ಇರಲಿಲ್ಲ. ಪ್ರಶಸ್ತಿ ಬಂದ ಪುಸ್ತಕವನ್ನೇ ಎಲ್ಲರೂ ಕೊಂಡರು. ತಪ್ಪೇನಲ್ಲ, ಆದರೆ ಕಿಂಡಿ ಕಿಂಡಿಯೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ದುರ್ಗದ ಉಳಿದ ಕಾದಂಬರಿಗಳಾದ 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಅವು ಜೇಬಿನಲ್ಲೇ ಇರಲಿ. ತ.ರಾ.ಸು. ಅವರ ದೊಡ್ಡಪ್ಪ, ಸಾಹಿತಿ ತಳುಕಿನ ವೆಂಕಣ್ಣಯ್ಯನವರ ಬಗ್ಗೆಯೂ ಹೇಳಬೇಕಿತ್ತು, ಹೋಗಲಿ.

'ಹಂಸಗೀತೆ' ಅಂತ ಬರೆದವರಿಗೆ ಮಾತ್ರ ಒಂದು ಮಾತು. ತ.ರಾ.ಸು. ಅದನ್ನು ಬರೆದದ್ದು 'ದುರ್ಗಾಸ್ತಮಾನ'ಕ್ಕಿಂತ ಎಷ್ಟೋ ಮೊದಲು. ನೀವು ಮಾತ್ರ ಅದನ್ನು ಆಮೇಲೆ ಇನ್ನೊಂದು ಸಲ ಓದಿ. ಮದಕರಿ ಹೋದ ಮೇಲೂ ದುರ್ಗದಲ್ಲಿ ಜನ ಇದ್ದರಲ್ಲ, 'ಹಂಸಗೀತೆ'ಯ ನಾಯಕ, ಟಿಪ್ಪುವಿನ ಕಾಲದ ಭೈರವಿ ವೆಂಕಟಸುಬ್ಬಯ್ಯ ಅವರಲ್ಲೊಬ್ಬ. ಆ ಹಾಡುಗಾರನ ಹಟ ಎಲ್ಲಿಂದ ಬಂತು ಅಂತ ಆಗ ಬೇರೆಯೇ ರೀತಿ ಕಾಣುತ್ತದೆ. ಯಾಕೆ ಅಂತ ಚಹಾ ಕುಡಿಯುವಾಗ ಹೇಳುತ್ತೇನೆ, ಇಲ್ಲಿ ಬಿಡುವುದಿಲ್ಲ ಇವರು.

ನಮಸ್ಕಾರ.