ದಾದರ್ ಬಂದಾಗ ಬರುವ ನಿದ್ದೆ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಲೋಕಲ್‌ನಲ್ಲಿ ಓಡಾಡುವವರಿಗೆ ನಾಲ್ಕನೇ ಸೀಟು ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಬೆಂಚು ಇರುವುದು ಮೂವರಿಗೆ. ನಾಲ್ಕನೆಯವರು ಬಂದು ‘ಥೋಡಾ ಸರಕ್‌ನಾ’ ಅಂದರೆ ಮೂವರೂ ಒತ್ತಿಕೊಂಡು ಕೂರಬೇಕು. ಬಂದವರಿಗೆ ಸಿಗುವುದು ಅರ್ಧ ಸೀಟು. ಇದಕ್ಕೆ ಕಾನೂನು ಏನಿಲ್ಲ, ಪದ್ಧತಿ ಅಷ್ಟೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಸಿಎಸ್‌ಟಿ ಸ್ಟೇಷನ್ನಿನಲ್ಲಿ ಹತ್ತಿ ಡೊಂಬಿವಲಿಗೆ ಹೊರಟಿದ್ದೆ. ಹಿಂದಿನ ಭಾನುವಾರವಷ್ಟೇ ನಮ್ಮ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೆ. ಕರ್ತನು ನನ್ನನ್ನು ಹೊಸಬನನ್ನಾಗಿ ಮಾಡಿದ್ದಾನೆ, ಹಳೆಯದೆಲ್ಲ ಹೋಯಿತು ಅಂತ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಜೋರಾಗಿ ‘ಆಮೆನ್’ ಅಂದಿದ್ದರು. ತೊಡೆಯ ಮೇಲಿದ್ದ ಚೀಲದಲ್ಲಿ ಸತ್ಯವೇದವೂ, ಅಂದರೆ ಬೈಬಲೂ, ಇತ್ತು. ದಾದರಿನಲ್ಲಿ ವಯಸ್ಸಾದ ಒಬ್ಬರು ಹತ್ತಿದರು. ಕೈಯಲ್ಲಿ ತರಕಾರಿ ಚೀಲ. ನಮ್ಮ ಬೆಂಚಿನ ಹತ್ತಿರ ಬಂದು ನಿಂತರು.

ತಕ್ಷಣ ನನಗೆ ನಿದ್ದೆ ಬಂತು.

ಕಣ್ಣು ಮುಚ್ಚಿದೆ. ನಿಜ ಅನ್ನಿಸಲಿ ಅಂತ ಬಾಯಿಯನ್ನೂ ಸ್ವಲ್ಪ ತೆರೆದೆ. ಘಾಟ್ಕೋಪರ್ ತನಕ ಹಾಗೇ ಇದ್ದೆ. ಆ ಚೀಲದಿಂದ ಮೆಂತೆ ಸೊಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ‘ಅಲ್ಲಾರೀ, ಭಾನುವಾರ ಹೊಸಬರಾದವರು ನೀವೇ ಅಲ್ವಾ?’ ಅಂದಳು.

ನಮ್ಮ ಕೂಟಗಳಲ್ಲಿ ಸಾಕ್ಷಿಗಳು ಹೆಚ್ಚಾಗಿ ಒಂದೇ ಅಚ್ಚಿನವು. ಹೀಗಿದ್ದೆ, ಕರ್ತನು ಮುಟ್ಟಿದ, ಹಾಗಾದೆ. ಸುಳ್ಳು ಅನ್ನುತ್ತಿಲ್ಲ. ನಮ್ಮ ಚಿಕ್ಕಪ್ಪ ಒಂದೇ ರಾತ್ರಿಯಲ್ಲಿ ಕುಡಿತ ಬಿಟ್ಟರು, ಮತ್ತೆ ಮುಟ್ಟಲಿಲ್ಲ. ಆದರೆ ಬೈಗುಳ ಬಿಡಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು. ಚಿಕ್ಕಮ್ಮ ಲೆಕ್ಕ ಇಟ್ಟಿದ್ದರು.

ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನ ಕಥೆ ಬರುತ್ತದೆ. ಬೇರೆ ಯಾವ ಸುವಾರ್ತೆಯಲ್ಲೂ ಇದಿಲ್ಲ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗುತ್ತಾನೆ. ಕಣ್ಣಿಗೆ ಉಗುಳಿ, ಕೈಯಿಟ್ಟು, ಏನಾದರೂ ಕಾಣುತ್ತಾ ಅಂತ ಕೇಳುತ್ತಾನೆ. ಜನ ಕಾಣುತ್ತಾರೆ, ಆದರೆ ಮರಗಳು ನಡೆದಾಡುವ ಹಾಗೆ ಕಾಣುತ್ತಾರೆ ಅನ್ನುತ್ತಾನೆ ಅವನು. ಯೇಸು ಇನ್ನೊಂದು ಸಲ ಕೈಯಿಡುತ್ತಾನೆ. ಆಗ ಎಲ್ಲ ಸ್ಪಷ್ಟವಾಗುತ್ತದೆ. ಎರಡು ಸಲ ಮುಟ್ಟಿದ ಮೇಲೆ ಪೂರ್ತಿಯಾದ ಗುಣ ಇದೊಂದೇ. ಆ ಕುರುಡನ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. ನಾನಾಗಿದ್ದರೆ ಮೊದಲನೇ ಸಲಕ್ಕೇ ‘ಎಲ್ಲ ಚೆನ್ನಾಗಿ ಕಾಣುತ್ತದೆ ಸ್ವಾಮೀ’ ಅಂದು, ಮರಗಳ ಮಧ್ಯೆಯೇ ಮನೆಗೆ ಹೋಗುತ್ತಿದ್ದೆ.

ಈ ಕಥೆ ಮುಗಿದ ಕೂಡಲೇ ಶಿಷ್ಯನಾದ ಪೇತ್ರನು ಯೇಸುವಿಗೆ ‘ನೀನು ಕ್ರಿಸ್ತನು’ ಅನ್ನುತ್ತಾನೆ. ನಾಲ್ಕು ಸಾಲು ದಾಟುವಷ್ಟರಲ್ಲಿ, ತಾನು ಸಾಯಬೇಕು ಅಂದ ಯೇಸುವನ್ನು ತಡೆಯಲು ಹೋಗಿ, ‘ಸೈತಾನನೇ, ನನ್ನ ಹಿಂದೆ ಹೋಗು’ ಅನ್ನಿಸಿಕೊಳ್ಳುತ್ತಾನೆ. ಕ್ರಿಸ್ತ ಕಂಡಿದ್ದ, ಶಿಲುಬೆ ಕಂಡಿರಲಿಲ್ಲ. ಎಷ್ಟೋ ವರ್ಷ ಆದ ಮೇಲೂ ಅಂತಿಯೋಕ್ಯ ಅನ್ನುವ ಊರಿನಲ್ಲಿ, ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂತಿದ್ದವನು ತನ್ನ ಕಡೆಯ ಯೆಹೂದ್ಯರು ಬಂದಾಗ ಮೆಲ್ಲಗೆ ಎದ್ದು ಸರಿದ. ಜೊತೆಯ ಅಪೊಸ್ತಲ ಪೌಲನು ಎಲ್ಲರೆದುರೇ ಬೈದ. ಸಭೆಯ ಕಂಬ ಅನ್ನಿಸಿಕೊಂಡವನ ಪಾಡು ಇದು.

ನಮ್ಮ ನೆಲದವರೊಬ್ಬರನ್ನು ಇಲ್ಲಿ ನೆನೆಯಬೇಕು. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದ ಕಡೆಯವರು. ಮಗಳು ಚಿಕ್ಕವಳಿದ್ದಾಗಲೇ ತಾಯಿ ಸಂಸ್ಕೃತ ಕಲಿಸಿದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಇದೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಹೊರಗಿನಿಂದ ನೋಡಿದರೆ ಇನ್ನೇನು ಬೇಕು? ಆದರೆ 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಆಕೆ ಬೇರೆಯೇ ಹೇಳುತ್ತಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ ತಿಳಿಯಿತಂತೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಅಂತ. ಹೆಸರು ಮಾಡಿದ ಹೆಂಗಸು, ಸಂಸ್ಥೆ ಕಟ್ಟಿದವರು, ಇಂಥ ಮಾತನ್ನು ಬರೆದು ಅಚ್ಚು ಹಾಕಿಸಿದರು. ಎರಡನೇ ಸಲ ಮುಟ್ಟಿಸಿಕೊಂಡವರ ಧೈರ್ಯ ಅದು.

ಅಲ್ಲಿಗೂ ಮುಗಿಯಲಿಲ್ಲ. 1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಂಗಸರನ್ನು, ಹುಡುಗಿಯರನ್ನು ಕರೆತಂದರು. ಪುಣೆ-ದೌಂಡ್ ದಾರಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಬೆಳೆದದ್ದು ಹಾಗೆ. ಆಮೇಲೆ ಹೀಬ್ರೂ, ಗ್ರೀಕ್ ಓದಿ, ಓದುಬರಹ ಕಡಿಮೆ ಇರುವ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ವರ್ಷಗಟ್ಟಲೆ ಕೂತು ಬೈಬಲನ್ನು ಅನುವಾದಿಸಿದರು. ಅಚ್ಚಿನ ಮೊಳೆ ಜೋಡಿಸಿದವರೂ ಅಲ್ಲಿನ ಹೆಂಗಸರೇ. 1922ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿಸಿದ್ದರು.

ಹಾಗಾದರೆ ನಮ್ಮ ಪಾಲಿನ ಕೆಲಸ ಏನು, ಸುಮ್ನೆ ಕೂರೋದಾ? ಯೇಸು ಒಂದು ಸಾಮ್ಯ, ಅಂದರೆ ಹೋಲಿಕೆಯ ಕಥೆ, ಹೇಳಿದ್ದಾನೆ. ಇದೂ ಮಾರ್ಕನಲ್ಲೇ ಇರುವುದು. ರೈತ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ಕಾಳು. ಬೆಳೆಸುವುದು ಅವನ ಕೈಯಲ್ಲಿಲ್ಲ, ಆದರೆ ಬಿತ್ತದೆ ಮಲಗಿದವನೂ ಅಲ್ಲ. ಅವನದು ದುಡಿದವನ ನಿದ್ದೆ, ನನ್ನ ದಾದರ್ ನಿದ್ದೆಯಂಥದ್ದಲ್ಲ.

ನಾನು ಮಾಡಿದ್ದು ಇಷ್ಟೇ. ‘ಕರ್ತನೇ, ನನ್ನನ್ನು ಬದಲಾಯಿಸು’ ಅಂತ ದೊಡ್ಡದಾಗಿ ಪ್ರಾರ್ಥಿಸುವುದನ್ನು ಬಿಟ್ಟೆ. ‘ಇವತ್ತು ದಾದರಿನಲ್ಲಿ ನನ್ನನ್ನು ಎಬ್ಬಿಸು’ ಅಂತ ಕೇಳತೊಡಗಿದೆ. ಪೌಲನು ಆತ್ಮನ ಫಲ ಅಂತ ಒಂಬತ್ತು ಗುಣ ಹೇಳುತ್ತಾನಲ್ಲ, ಅದರಲ್ಲಿ ದೀರ್ಘಶಾಂತಿ, ದಯೆ ಅಂತ ಎರಡಿವೆ. ಅವು ದೇವಾಲಯದಲ್ಲಿ ನನಗೆ ಧಾರಾಳವಾಗಿ ಇರುತ್ತವೆ. ಸಂಜೆ ಏಳರ ಗಾಡಿಯಲ್ಲಿ ಇರಬೇಕು, ಅಲ್ವಾ?

ಈಗಲೂ ದಾದರ್ ಬಂದಾಗ ನನಗೆ ಮೊದಲು ಬರುವುದು ನಿದ್ದೆಯೇ. ಕಣ್ಣು ತಾನಾಗಿ ಮುಚ್ಚುತ್ತದೆ. ಆದರೆ ಘಾಟ್ಕೋಪರ್ ತನಕ ಎಳೆಯುವುದಿಲ್ಲ, ಕುರ್ಲಾ ಬರುವಷ್ಟರಲ್ಲಿ ಎದ್ದು ಸರಿದು ಕೂರುತ್ತೇನೆ. ಮನೆಯಲ್ಲಿ ಈಗ ಅದೇ ತಮಾಷೆ. ಕಳೆದ ವಾರ ಚಪ್ಪಲಿ ಬಿಡುತ್ತಿದ್ದಂತೆ ಹೆಂಡತಿ ಕೇಳಿದಳು, ‘ಇವತ್ತು ಎಲ್ಲಿ ತನಕ ಮಲಗಿದ್ರಿ?’

‘ಕುರ್ಲಾ’ ಅಂದೆ.

‘ಇಪ್ಪತ್ತು ವರ್ಷಕ್ಕೆ ಒಂದು ಸ್ಟೇಷನ್. ಪರವಾಗಿಲ್ಲ ಬಿಡಿ’ ಅಂದು, ಮೆಂತೆ ಸೊಪ್ಪಿನ ಕಟ್ಟನ್ನು ಬಿಡಿಸಿ ಕೊಡಿ ಅಂತ ನನ್ನ ಮುಂದೆ ಇಟ್ಟಳು.