ಹೆಸರಿಗೆ ಸಾಕ್ಷಿ ಯಾರು?

ಕೇಳುಗರಿಗೆ ನಮಸ್ಕಾರ.

ಜಾಲತಾಣದ ಹೆಸರನ್ನು ನಾವು ಅಕ್ಷರಗಳಲ್ಲಿ ಬರೆಯುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ವಿಳಾಸ. ಮೊದಮೊದಲು ಇವೆರಡನ್ನೂ ಹೊಂದಿಸಿ ಬರೆದ ಪಟ್ಟಿಯೆಲ್ಲ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಹಂಚುತ್ತಿತ್ತು. ಯಂತ್ರಗಳ ಸಂಖ್ಯೆ ಬೆಳೆದಂತೆ ಈ ಏರ್ಪಾಡು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹೆಸರುಗಳನ್ನು ಮರದ ಹಾಗೆ ಕೊಂಬೆ ಕೊಂಬೆಯಾಗಿ ಹಂಚುವ ಡಿಎನ್‌ಎಸ್ (ಡೊಮೈನ್ ನೇಮ್ ಸಿಸ್ಟಮ್) ವ್ಯವಸ್ಥೆಯನ್ನು ರೂಪಿಸಿದರು. ಡೊಮೈನ್ ಎಂದರೆ ಇಂಥ ಒಂದು ಕೊಂಬೆ; ಆಯಾ ಕೊಂಬೆಯ ಹೊಣೆ ಆಯಾ ಕೊಂಬೆಯವರದಾಯಿತು. ಎಲ್ಲ ಕೊಂಬೆಗಳೂ ಹೊರಡುವ ಬೇರಿನ ಉಸ್ತುವಾರಿ ಮಾತ್ರ ಬಹುಕಾಲ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಅವರ ಬಳಿ ಉಳಿದಿತ್ತು. ಅದನ್ನು ವಹಿಸಿಕೊಳ್ಳಲು 1998ರಲ್ಲಿ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದರ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಒಪ್ಪಂದದ ಹಿಡಿತ 2016ರಲ್ಲಿ ಕೊನೆಗೊಂಡಿತು.

ಆದರೆ ಆಡಳಿತ ಯಾರದೆಂದು ಗೊತ್ತಾದ ಮಾತ್ರಕ್ಕೆ, ನಮಗೆ ಬಂದ ಉತ್ತರ ನಿಜವೆಂದು ಗೊತ್ತಾಗುವುದಿಲ್ಲ. 2008ರಲ್ಲಿ ಭದ್ರತಾ ಸಂಶೋಧಕ ಡಾನ್ ಕಮಿನ್ಸ್ಕಿ ತೋರಿಸಿದ್ದು ಇದನ್ನೇ. ವಿಳಾಸ ಹುಡುಕುವ ಸರ್ವರ್ ತನ್ನ ಪ್ರಶ್ನೆಗೆ 65,536 ಸಂಖ್ಯೆಗಳಲ್ಲಿ ಒಂದನ್ನು ಲಗತ್ತಿಸಿ ಕಳಿಸುತ್ತದೆ. ಅದೇ ಸಂಖ್ಯೆ ಹೊತ್ತು ಮೊದಲು ಬಂದ ಉತ್ತರವನ್ನು ನಂಬುತ್ತದೆ. ಆ ಸಂಖ್ಯೆಯನ್ನು ಊಹಿಸಿ ಸುಳ್ಳು ಉತ್ತರ ಕಳಿಸುವ ಮೋಸಗಾರನ ಊಹೆ ಒಮ್ಮೆ ತಪ್ಪಿದರೆ, ಸರ್ವರಿನ ನೆನಪಿನಲ್ಲಿ ಕೂತ ಸರಿಯುತ್ತರ ಅಳಿಯುವ ತನಕ ಅವನು ಕಾಯಬೇಕೆಂದು ಎಲ್ಲರೂ ಭಾವಿಸಿದ್ದರು. ಕಾಯಬೇಕಾಗಿಲ್ಲ ಎಂಬುದು ಕಮಿನ್ಸ್ಕಿ ಕಂಡುಕೊಂಡ ಸಂಗತಿ. ಅದೇ ಡೊಮೈನಿನಲ್ಲಿ ಇಲ್ಲದ ಹೆಸರುಗಳನ್ನು ಒಂದರ ಮೇಲೊಂದು ಕೇಳಿಸುತ್ತಾ ಹೋದರೆ ಪ್ರತಿ ಪ್ರಶ್ನೆಯೂ ಹೊಸ ಅವಕಾಶ. ಒಂದು ಸಲ ಊಹೆ ಹೊಂದಿದರೆ ಇಡೀ ಡೊಮೈನಿನ ಸರ್ವರೇ ತಾನೆಂದು ನಂಬಿಸಬಹುದು. ತಂತ್ರಾಂಶ ತಯಾರಕರು ಗುಟ್ಟಾಗಿ ಸಿದ್ಧತೆ ನಡೆಸಿ, ಜುಲೈ 8ರಂದು ಒಟ್ಟಿಗೆ ತಿದ್ದುಪಡಿ ಹೊರಡಿಸಿದರು. ಪ್ರಶ್ನೆ ಹೊರಡುವ ಪೋರ್ಟನ್ನೂ, ಎಂದರೆ ಕಂಪ್ಯೂಟರಿನ ಬಾಗಿಲಿನಂಥ ಸಂಖ್ಯೆಯನ್ನೂ, ಊಹೆಗೆ ಸಿಗದಂತೆ ಬದಲಿಸುತ್ತಿರುವುದು ಅದರ ಸಾರ. ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ಡಿಎನ್‌ಎಸ್ ತಂತ್ರಾಂಶದಲ್ಲಿ ಇದನ್ನು ವರ್ಷಗಳ ಹಿಂದೆಯೇ ಅಳವಡಿಸಿದ್ದರು. ಅದರ ಸೋರ್ಸ್ ಕೋಡ್, ಎಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳು, ಎಲ್ಲರ ಕಣ್ಣೆದುರಿಗೇ ಇತ್ತು.

ಪೋರ್ಟ್ ಬದಲಿಸಿದರೆ ಊಹೆ ಕಷ್ಟವಾಗುತ್ತದೆ, ಅಸಾಧ್ಯವಾಗುವುದಿಲ್ಲ. ಉತ್ತರಕ್ಕೇ ಡಿಜಿಟಲ್ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಎಂಬ ಏರ್ಪಾಡು ಮೊದಲೇ ರೂಪುಗೊಂಡಿತ್ತು; ಆದ್ದರಿಂದ ಈಗ ಅದರತ್ತ ಗಮನ ಹರಿಯಿತು. 2010ರ ಜುಲೈಯಲ್ಲಿ ಬೇರಿಗೂ ಸಹಿ ಬಿತ್ತು. ಆ ಸಹಿಯ ಕೀಲಿಕೈಯನ್ನು, ಎಂದರೆ ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆಯನ್ನು, ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊ ಮತ್ತು ವರ್ಜೀನಿಯಾದ ಕಲ್ಪೆಪರ್‌ಗಳಲ್ಲಿ ಇರಿಸಲಾಯಿತು. ಅದನ್ನು ಬಳಸುವ ವಿಧಿ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ. ಐಕ್ಯಾನಿನ ನೌಕರರಲ್ಲದ, ಬೇರೆ ಬೇರೆ ದೇಶಗಳಿಂದ ಆರಿಸಿದ ಪ್ರತಿನಿಧಿಗಳು ಎದುರಿಗೆ ಕುಳಿತಿರುತ್ತಾರೆ. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂಬ ಬರಹ, ಬಳಸುವ ತಂತ್ರಾಂಶ, ನಡೆದದ್ದರ ದೃಶ್ಯಮುದ್ರಿಕೆ, ಎಲ್ಲವನ್ನೂ ಪ್ರಕಟಿಸುತ್ತಾರೆ. 2020ರ ಫೆಬ್ರವರಿಯಲ್ಲಿ, ವಿಧಿಗೆ ಬೇಕಾದ ಸಾಮಗ್ರಿಯಿದ್ದ ತಿಜೋರಿಯೊಂದರ ಬೀಗ ತೆರೆಯಲೊಲ್ಲದೆ, ಬೀಗದವರನ್ನು ಕರೆಸಿ ಕೊರೆಸಬೇಕಾಯಿತು. ವಿಧಿ ಕೆಲವು ದಿನ ಮುಂದಕ್ಕೆ ಹೋಯಿತು. ಆ ಮುಜುಗರವನ್ನೂ ಮುಚ್ಚಿಡಲಿಲ್ಲ, ಮತ್ತು ನನ್ನ ವಿಶ್ವಾಸ ಹೆಚ್ಚಿದ್ದು ಅದರಿಂದಲೇ.

ಇಲ್ಲಿ ಸಾಕ್ಷಿಗಳನ್ನು ಹೆಸರು ಹಿಡಿದು ನೇಮಿಸಿದ್ದಾರೆ. ಮುಕ್ತ ತಂತ್ರಾಂಶದ ಕಥೆ ಬೇರೆ. ಅಲ್ಲಿ ಸೋರ್ಸ್ ಕೋಡನ್ನು ಯಾರು ಬೇಕಾದರೂ ನೋಡಬಹುದು, ನೋಡಲೇಬೇಕಾದವರು ಎಂದು ಯಾರೂ ಇರುವುದಿಲ್ಲ. ವಿಳಾಸ ಸಿಕ್ಕ ಮೇಲೆ ಅಲ್ಲಿ ನಡೆಯುವ ಮಾತುಕತೆಯನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಅಸಂಖ್ಯ ಸರ್ವರ್‌ಗಳು ನೆಚ್ಚಿಕೊಂಡಿದ್ದವು. ಬಂದ ದತ್ತಾಂಶ ಹೇಳಿಕೊಂಡಷ್ಟು ಉದ್ದವಿದೆಯೇ ಎಂದು ಅಳೆದು ನೋಡುವ ಸಣ್ಣ ಪರಿಶೀಲನೆಯೊಂದು ಅದರ 2012ರ ಆವೃತ್ತಿಯಲ್ಲಿ ಬಿಟ್ಟುಹೋಗಿತ್ತು. ಹಾರ್ಟ್‌ಬ್ಲೀಡ್ ಎಂಬ ಹೆಸರಿನಲ್ಲಿ ಆ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಸರ್ವರಿನ ನೆನಪು, ಒಮ್ಮೆಗೆ 64 ಕಿಲೋಬೈಟ್‌ನವರೆಗೆ, ಕೇಳಿದವರಿಗೆ ಸೋರಬಹುದಾಗಿತ್ತು. ಸಾಲುಗಳು ತೆರೆದೇ ಇದ್ದವು. ಓದುವುದನ್ನೇ ಕೆಲಸವಾಗಿಸಿಕೊಂಡವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಅದಾದ ಬಳಿಕವೇ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ಹಣ ಕೂಡಿಸಿ, ಓಪನ್‌ಎಸ್‌ಎಸ್‌ಎಲ್‌ಗೆ ಪೂರ್ಣಾವಧಿಯ ಕೆಲಸಗಾರರನ್ನೂ ಹೊರಗಿನವರ ತಪಾಸಣೆಯನ್ನೂ ಒದಗಿಸಿತು.

ನಮಸ್ಕಾರ.