ಹೊಸ ಅಧ್ಯಕ್ಷರ ಜನಬೆಂಬಲ ಕರಗುವುದೇಕೆ

ಪ್ರಿಯ ಕೇಳುಗರೇ, ನಮಸ್ಕಾರ.

1989ನೆಯ ಇಸವಿಯ ಫೆಬ್ರವರಿ 27, ಸೋಮವಾರ. ವೆನೆಜುವೆಲಾದ ರಾಜಧಾನಿ ಕರಾಕಸ್‌ಗೆ ಹತ್ತಿರದ ಗ್ವಾರೆನಾಸ್ ಎಂಬ ಊರಿನಲ್ಲಿ ನಸುಕಿನಲ್ಲೇ ಕೆಲಸಕ್ಕೆ ಹೊರಟ ಜನರಿಗೆ ಬಸ್ ನಿಲ್ದಾಣಕ್ಕೆ ಬಂದಾಗ ಪ್ರಯಾಣದರ ಏರಿರುವುದು ತಿಳಿಯಿತು. ಸರ್ಕಾರ ಒಪ್ಪಿಗೆ ಕೊಟ್ಟಿದ್ದುದು ಶೇಕಡಾ 30ರ ಹೆಚ್ಚಳಕ್ಕೆ. ಬಸ್ಸಿನವರು ಕೇಳುತ್ತಿದ್ದುದು ಅದಕ್ಕೂ ಮೀರಿದ ಹಣ, ವಿದ್ಯಾರ್ಥಿಗಳ ರಿಯಾಯಿತಿಯನ್ನಂತೂ ಅವರು ಒಪ್ಪಲೇ ಇಲ್ಲ. ಮಾತಿಗೆ ಮಾತು ಬೆಳೆದು ಕಲ್ಲು ತೂರಾಟವಾಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಕತ್ತಲಾಗುವ ಹೊತ್ತಿಗೆ ಗಲಭೆ ರಾಜಧಾನಿಯ ತುಂಬ ಹಬ್ಬಿತ್ತು. ಸೇನೆ ಬೀದಿಗಿಳಿಯಿತು. ಸರ್ಕಾರದ ಲೆಕ್ಕದಲ್ಲೇ 270ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದಿದ್ದ ಅಧ್ಯಕ್ಷ ಕಾರ್ಲೋಸ್ ಆಂದ್ರೆಸ್ ಪೆರೆಸ್ ಅವರು ಪ್ರಮಾಣವಚನ ಸ್ವೀಕರಿಸಿ ಅಂದಿಗೆ 25 ದಿನಗಳಾಗಿದ್ದವು.

ಪೆರೆಸ್ ಅವರು ಜನರಿಗೆ ಹೊಸಬರಲ್ಲ. 1974ರಿಂದ 1979ರವರೆಗೆ ಅವರು ಒಮ್ಮೆ ಅಧ್ಯಕ್ಷರಾಗಿದ್ದರು. ಅದು ಜಗತ್ತಿನಲ್ಲಿ ತೈಲದ ಬೆಲೆ ಗಗನಕ್ಕೇರಿದ್ದ, ವೆನೆಜುವೆಲಾದ ಬೊಕ್ಕಸ ತುಂಬಿ ತುಳುಕುತ್ತಿದ್ದ ಕಾಲ. ಹತ್ತು ವರ್ಷಗಳ ಬಳಿಕ ಜನ ಅವರನ್ನು ಮತ್ತೆ ಆರಿಸಿದ್ದು ಆ ದಿನಗಳು ಮರಳಿ ಬರುತ್ತವೆಂದು. ಆದರೆ ಬೊಕ್ಕಸ ಬರಿದಾಗಿತ್ತು, ವಿದೇಶಿ ಸಾಲ ಬೆಳೆದಿತ್ತು. ಚುನಾವಣೆಯ ಭಾಷಣಗಳಲ್ಲಿ ಯಾವ ಅಂತರರಾಷ್ಟ್ರೀಯ ಹಣಕಾಸು ನಿಧಿಯನ್ನು ಹಳಿದಿದ್ದರೋ ಅದೇ ನಿಧಿಯ ಷರತ್ತುಗಳಿಗೆ ಹೊಂದುವ ಮಿತವ್ಯಯದ ಕಾರ್ಯಕ್ರಮವನ್ನು ಅವರು ಎರಡೇ ವಾರಗಳಲ್ಲಿ ಪ್ರಕಟಿಸಿದರು. ಪೆಟ್ರೋಲ್ ಬೆಲೆ ಏರಿತು, ಅದರ ಹಿಂದೆಯೇ ಬಸ್ ದರ. ಅರ್ಥಶಾಸ್ತ್ರದ ದೃಷ್ಟಿಯಿಂದ ಆ ಕ್ರಮಗಳು ಅನಿವಾರ್ಯವಾಗಿದ್ದವೇ ಎಂಬುದು ಬೇರೆ ಚರ್ಚೆ. ಮತ ಕೇಳುವಾಗ ಆಡದೆ ಉಳಿಸಿಕೊಂಡ ಮಾತು ಬಸ್ ನಿಲ್ದಾಣದಲ್ಲಿ, ಕಂಡಕ್ಟರನ ಬಾಯಿಂದ ಜನರಿಗೆ ತಿಳಿಯಿತು ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ಎಲ್ಲ ಕಡೆಯೂ ಇಷ್ಟು ಉಗ್ರವಾಗಿ ನಡೆಯುವುದಿಲ್ಲ. ಸಾಮಾನ್ಯವಾಗಿ ಬೆಂಬಲ ಸದ್ದಿಲ್ಲದೆ, ತಿಂಗಳಿನಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗುತ್ತದೆ. ಅಮೆರಿಕದಲ್ಲಿ ಜನಾಭಿಪ್ರಾಯದ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವರು 1940ರ ದಶಕದಿಂದ ಹಲವು ದಶಕಗಳ ಕಾಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದರು: ಅಧ್ಯಕ್ಷರು ತಮ್ಮ ಕೆಲಸವನ್ನು ನಿರ್ವಹಿಸುತ್ತಿರುವ ರೀತಿಯನ್ನು ನೀವು ಒಪ್ಪುವಿರಾ, ಇಲ್ಲವೇ? ಇದು ಮತ ಕೊಟ್ಟಿರಾ ಎಂಬ ಪ್ರಶ್ನೆಯಲ್ಲ ಎಂಬುದನ್ನು ಗಮನಿಸಬೇಕು. ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬಂದ ಮೊದಲ ವಾರಗಳಲ್ಲಿ, ಅವರಿಗೆ ಮತ ಹಾಕದವರಲ್ಲಿ ಕೂಡ ಅನೇಕರು ನೋಡೋಣ, ಏನು ಮಾಡುತ್ತಾರೋ ಎಂಬ ಉದಾರ ಭಾವದಿಂದ ಹೌದು ಎನ್ನುತ್ತಾರೆ. ಪತ್ರಿಕೆಗಳು ಮಧುಚಂದ್ರದ ಅವಧಿ ಎಂದು ಕರೆಯುವುದು ಇದನ್ನೇ. ಬಿಲ್ ಕ್ಲಿಂಟನ್ ಅವರು 1992ರಲ್ಲಿ ಗೆದ್ದದ್ದು ಶೇಕಡಾ 43ರಷ್ಟು ಮತಗಳಿಂದ; ಮೂರನೆಯ ಅಭ್ಯರ್ಥಿ ರಾಸ್ ಪೆರೋ ಅವರೇ ಶೇಕಡಾ 19ರಷ್ಟು ಮತ ಒಯ್ದಿದ್ದರು. ಆದರೂ 1993ರ ಜನವರಿಯಲ್ಲಿ ಕ್ಲಿಂಟನ್ ಅವರನ್ನು ಒಪ್ಪುತ್ತೇವೆ ಎಂದವರು ಶೇಕಡಾ 58. ಹಾಗಾದರೆ ಈ ಹೆಚ್ಚಿನ 15 ಅಂಶಗಳು ಯಾರವು? ಆಗಲೂ ಅವು ಅವರವಾಗಿರಲಿಲ್ಲ. ಜೂನ್ ಆರಂಭದ ಹೊತ್ತಿಗೆ ಸಂಖ್ಯೆ 37ಕ್ಕೆ ಕುಸಿದಾಗ ಪತ್ರಿಕೆಗಳು ಪತನವೆಂದು ಬರೆದವು. ಅದರ ದೊಡ್ಡ ಭಾಗ ಬಂದವರು ತಮ್ಮ ಮನೆಗೆ ಮರಳಿದ್ದಷ್ಟೇ ಎಂದು ನನಗೆ ತೋರುತ್ತದೆ.

ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮುಂದಿರುವ ಇಬ್ಬರ ನಡುವೆ ಮತ್ತೆ ಮತದಾನ ನಡೆಯುವ, ಅಂದರೆ ಎರಡು ಸುತ್ತುಗಳ ಚುನಾವಣೆ ಇರುವ ದೇಶಗಳಲ್ಲಿ ಈ ಭ್ರಮೆ ಇನ್ನೂ ಹಿಗ್ಗುತ್ತದೆ. ಫ್ರಾನ್ಸಿನಲ್ಲಿ 2017ರ ಮೊದಲ ಸುತ್ತಿನಲ್ಲಿ ಎಮ್ಯಾನುಯೆಲ್ ಮಾಕ್ರೋ ಅವರಿಗೆ ಬಿದ್ದದ್ದು ಶೇಕಡಾ 24ರಷ್ಟು ಮತ. ಎರಡನೆಯ ಸುತ್ತಿನಲ್ಲಿ ಅದು 66 ಆಯಿತು. ನಡುವಿನ ಎರಡು ವಾರಗಳಲ್ಲಿ ಅವರ ಕಾರ್ಯಕ್ರಮಕ್ಕೆ ಕೋಟ್ಯಂತರ ಜನ ಮನಸೋತರು ಎಂದಲ್ಲ. ಎದುರಿಗಿದ್ದ ತೀವ್ರ ಬಲಪಂಥದ ಅಭ್ಯರ್ಥಿ ಮರೀನ್ ಲೆ ಪೆನ್ ಬೇಡ ಎಂದವರು ಅವರ ಹೆಸರಿಗೆ ಮತ ಹಾಕಿದರು. ಚಿಲಿಯ ಗಾಬ್ರಿಯೆಲ್ ಬೋರಿಕ್ ಅವರು 2021ರಲ್ಲಿ ಮೊದಲ ಸುತ್ತಿನ ಸುಮಾರು 26ರಿಂದ ಎರಡನೆಯ ಸುತ್ತಿನಲ್ಲಿ ಸುಮಾರು 56ಕ್ಕೆ ಏರಿದ್ದೂ ಹೀಗೆಯೇ. ಅವರು ಬೆಂಬಲಿಸಿದ್ದ ಹೊಸ ಸಂವಿಧಾನದ ಕರಡನ್ನು, ಅಧಿಕಾರ ವಹಿಸಿಕೊಂಡ ಆರೇ ತಿಂಗಳಲ್ಲಿ, ಜನಮತ ಗಣನೆಯಲ್ಲಿ ಶೇಕಡಾ 62ರಷ್ಟು ಮತದಾರರು ತಳ್ಳಿಹಾಕಿದರು. ಒಬ್ಬರನ್ನು ತಡೆಯಲು ಬಂದ ಮತವನ್ನು ತನಗೇ ಬಂದ ಅಪ್ಪಣೆ ಎಂದು ಓದಿಕೊಳ್ಳುವುದು ಗೆದ್ದವರು ಮಾಡುವ ಮೊದಲ ತಪ್ಪು, ಮತ್ತು ಗೆಲುವಿನ ರಾತ್ರಿ ಅದನ್ನು ಅವರಿಗೆ ಹೇಳುವವರು ಯಾರೂ ಹತ್ತಿರ ಇರುವುದಿಲ್ಲ.

ಇನ್ನು ಆಳ್ವಿಕೆಯ ಮಾತು. ಜಾನ್ ಮುಲ್ಲರ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರು 1970ರಲ್ಲಿ, ಟ್ರೂಮನ್ ಅವರಿಂದ ಜಾನ್ಸನ್ ಅವರವರೆಗಿನ ಅಧ್ಯಕ್ಷರ ಜನಪ್ರಿಯತೆಯನ್ನು ಅಭ್ಯಸಿಸಿ, ಒಂದು ಸರಳವಾದ ವಿವರಣೆ ಕೊಟ್ಟರು. ಅಧ್ಯಕ್ಷರು ಪ್ರತಿಯೊಂದು ನಿರ್ಧಾರದಲ್ಲಿಯೂ ಬಹುಮತದ ಪರವಾಗಿಯೇ ನಿಂತರೂ ಒಂದು ಸಣ್ಣ ಗುಂಪಿಗಾದರೂ ಅಸಮಾಧಾನವಾಗುತ್ತದೆ. ಇಂದು ಒಂದು ಗುಂಪು, ನಾಳೆ ಇನ್ನೊಂದು. ಲಾಭ ಪಡೆದವರು ಬೇಗ ಮರೆಯುತ್ತಾರೆ, ನೊಂದವರು ಮರೆಯುವುದಿಲ್ಲ. ಪರಸ್ಪರ ಯಾವ ಸಂಬಂಧವೂ ಇಲ್ಲದ ಈ ಚಿಕ್ಕ ಗುಂಪುಗಳೆಲ್ಲ ಕ್ರಮೇಣ ಕೂಡಿಕೊಂಡು ಒಂದು ಬಹುಸಂಖ್ಯೆಯಾಗುತ್ತವೆ.

ಮಾಕ್ರೋ ಅವರ ಮೊದಲ ಒಂದೂವರೆ ವರ್ಷವನ್ನು ಹತ್ತಿರದಿಂದ ನೋಡಿದರೆ ಈ ಮಾತು ಕಣ್ಣಿಗೆ ಕಟ್ಟುತ್ತದೆ. 2017ರ ಜುಲೈನಲ್ಲಿ ರಕ್ಷಣಾ ವೆಚ್ಚದ ಕಡಿತವನ್ನು ವಿರೋಧಿಸಿ ಸೇನಾ ಮುಖ್ಯಸ್ಥ ಪಿಯೆರ್ ದ ವಿಲಿಯೆ ಅವರು ರಾಜೀನಾಮೆ ಕೊಟ್ಟರು. ಸೈನಿಕರ ಕುಟುಂಬಗಳು ಮುನಿದವು. ಅಕ್ಟೋಬರಿನಿಂದ ಬಾಡಿಗೆ ಮನೆಗಳಲ್ಲಿರುವವರಿಗೆ ಸರ್ಕಾರ ಕೊಡುವ ವಸತಿ ಸಹಾಯಧನದಲ್ಲಿ ತಿಂಗಳಿಗೆ 5 ಯೂರೊ ಕಡಿತವಾಯಿತು. ವಿದ್ಯಾರ್ಥಿಗಳು ಮತ್ತು ಬಡ ಬಾಡಿಗೆದಾರರು ಮುನಿದರು. 2018ರ ಜನವರಿಯಲ್ಲಿ ಹಳೆಯ ಸಂಪತ್ತಿನ ತೆರಿಗೆಯನ್ನು ತೆಗೆದು ಸ್ಥಿರಾಸ್ತಿಗೆ ಮಾತ್ರ ತಗಲುವ ತೆರಿಗೆಯನ್ನು ತಂದರು. ಜುಲೈನಲ್ಲಿ ಹಳ್ಳಿಗಾಡಿನ ಎರಡು ಪಥದ ರಸ್ತೆಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 90 ಕಿಲೊಮೀಟರಿನಿಂದ 80ಕ್ಕೆ ಇಳಿಸಿದರು. ದಿನವೂ ಕಾರಿನಲ್ಲಿ ದೂರದ ಕೆಲಸಕ್ಕೆ ಹೋಗುವವರು ಮುನಿದರು. ಡೀಸೆಲ್ ಮೇಲಿನ ತೆರಿಗೆ ಇನ್ನೂ ಏರಲಿದೆ ಎಂದಾಗ, 2018ರ ನವೆಂಬರ್ 17ರಂದು ಈ ಎಲ್ಲರೂ ರಸ್ತೆಯ ವೃತ್ತಗಳಲ್ಲಿ ಒಟ್ಟಿಗೆ ನಿಂತರು. ಕಾನೂನಿನ ಪ್ರಕಾರ ಫ್ರಾನ್ಸಿನ ಪ್ರತಿಯೊಂದು ಕಾರಿನಲ್ಲಿ ಇರಲೇಬೇಕಾದ ಹಳದಿ ಬಣ್ಣದ ಸುರಕ್ಷತಾ ಅಂಗಿಯೇ ಅವರಿಗೆ ಸಮವಸ್ತ್ರವಾಯಿತು.

ಐದು ಯೂರೊ ದೊಡ್ಡ ಮೊತ್ತವೇನಲ್ಲ. ಅದು ಒಂಟಿಯಾಗಿ ಬಂದಿದ್ದರೆ ಗೊಣಗಾಟದಲ್ಲಿ ಮುಗಿಯುತ್ತಿತ್ತೋ ಏನೋ. ಆದರೆ ಕೆಲವೇ ತಿಂಗಳ ಅಂತರದಲ್ಲಿ ಸಿರಿವಂತರ ತೆರಿಗೆ ಇಳಿದದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಂತಾಯಿತು, ಶ್ರೀಮಂತರ ಅಧ್ಯಕ್ಷ ಎಂಬ ಬಿರುದು ಅವರಿಗೆ ಅಂಟಿಕೊಂಡಿತು. ಬಂಡವಾಳ ಹೂಡುವವರು ದೇಶ ಬಿಟ್ಟು ಹೋಗಬಾರದು ಎಂಬ ಸರ್ಕಾರದ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಕಳೆದುಕೊಂಡವರಿಗೆ ಲೆಕ್ಕ ಎಷ್ಟು ಮುಖ್ಯವೋ, ಯಾರಿಂದ ಕಿತ್ತು ಯಾರಿಗೆ ಕೊಟ್ಟರು ಎಂಬುದೂ ಅಷ್ಟೇ ಮುಖ್ಯ.

ಅದೇ ದೇಶದಲ್ಲಿ ಜಾಕ್ ಶಿರಾಕ್ ಅವರ ಕಥೆ ಪೆರೆಸ್ ಅವರದಕ್ಕೆ ಹತ್ತಿರದ್ದು. 1995ರ ಚುನಾವಣೆಯಲ್ಲಿ ಅವರು ಸಮಾಜ ಬಿರುಕು ಬಿಟ್ಟಿದೆ, ಅದನ್ನು ಬೆಸೆಯಬೇಕು ಎಂದು ಮತ ಕೇಳಿದ್ದರು. ಮೇ ತಿಂಗಳಲ್ಲಿ ಗೆದ್ದರು. ಆಗಸ್ಟಿನಲ್ಲಿ ಮೌಲ್ಯವರ್ಧಿತ ತೆರಿಗೆ 18.6ರಿಂದ 20.6ಕ್ಕೆ ಏರಿತು. ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ಕಾಣಿಸಿಕೊಂಡು, ವಿತ್ತೀಯ ಕೊರತೆ ತಗ್ಗಿಸುವುದೇ ಈಗ ಮೊದಲ ಕೆಲಸ ಎಂದರು. ನವೆಂಬರಿನಲ್ಲಿ ಪ್ರಧಾನಿ ಅಲ್ಯಾನ್ ಜುಪ್ಪೆ ಅವರು ಸಾಮಾಜಿಕ ಭದ್ರತೆಯ ಸುಧಾರಣೆಯನ್ನು ಪ್ರಕಟಿಸಿದಾಗ ರೈಲುಗಳು ಮೂರು ವಾರಗಳಿಗೂ ಹೆಚ್ಚು ಕಾಲ ನಿಂತುಹೋದವು. ಪ್ಯಾರಿಸ್ಸಿನ ಜನ ಚಳಿಯಲ್ಲಿ ನಡೆದು, ಸೈಕಲ್ ತುಳಿದು ಕಚೇರಿ ತಲುಪಿದರು. 1997ರಲ್ಲಿ ಅವಧಿಗೆ ಮುನ್ನವೇ ಸಂಸತ್ತಿನ ಕೆಳಮನೆಯನ್ನು ವಿಸರ್ಜಿಸಿದ ಶಿರಾಕ್, ಅಲ್ಲಿಯ ಬಹುಮತವನ್ನು ತಮ್ಮ ಕೈಯಾರೆ ಎದುರಾಳಿಗಳಿಗೆ ಒಪ್ಪಿಸಿಕೊಟ್ಟರು.

ನೀತಿನಿರ್ಧಾರಗಳ ಸಂಗತಿ ಹೀಗಾದರೆ, ತೀರ ಕ್ಷುಲ್ಲಕವೆನಿಸುವ ಸಂಗತಿಗಳು ಮಾಡುವ ಹಾನಿಯೂ ಕಡಿಮೆಯದಲ್ಲ. 1993ರ ಮೇ ತಿಂಗಳಲ್ಲಿ ಕ್ಲಿಂಟನ್ ಅವರು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ತಮ್ಮ ವಿಮಾನದೊಳಗೇ ಕುಳಿತು, ಹೆಸರಾಂತ ಕೇಶವಿನ್ಯಾಸಕರೊಬ್ಬರಿಂದ ತಲೆಗೂದಲು ಕತ್ತರಿಸಿಕೊಂಡರು. ಆ ಕ್ಷೌರದ ದರ ಸುಮಾರು 200 ಡಾಲರ್ ಎಂದೂ, ಅಷ್ಟು ಹೊತ್ತು ಎರಡು ರನ್‌ವೇಗಳು ಮುಚ್ಚಿ ಪ್ರಯಾಣಿಕರು ಕಾಯಬೇಕಾಯಿತೆಂದೂ ಸುದ್ದಿ ಹಬ್ಬಿತು. ವಿಮಾನಗಳು ಹೇಳಿಕೊಳ್ಳುವಷ್ಟು ತಡವಾಗಿರಲಿಲ್ಲ ಎಂಬುದು ದಾಖಲೆಗಳಿಂದ ಆಮೇಲೆ ತಿಳಿದುಬಂತು. ಅಷ್ಟರಲ್ಲಿ ಕಥೆ ದೇಶವನ್ನೆಲ್ಲ ಸುತ್ತಿ ಬಂದಿತ್ತು. ಸಾಮಾನ್ಯ ಜನರ ಕಷ್ಟ ಬಲ್ಲವನೆಂದು ಮತ ಕೇಳಿದವರ ತಲೆಯ ಮೇಲೆ ಅದು ಕೂತಿತು ಎನ್ನಲು ಅಡ್ಡಿಯಿಲ್ಲ. ಫ್ರಾನ್ಸಿನ ನಿಕೊಲಾ ಸಾರ್ಕೊಜಿ ಅವರು 2007ರಲ್ಲಿ ಗೆಲುವಿನ ರಾತ್ರಿಯನ್ನು ದುಬಾರಿ ಹೋಟೆಲೊಂದರಲ್ಲಿ ಆಚರಿಸಿ, ಬಳಿಕ ಉದ್ಯಮಿ ಮಿತ್ರರೊಬ್ಬರ ವಿಹಾರನೌಕೆಯಲ್ಲಿ ವಿಶ್ರಾಂತಿಗೆ ಹೋದದ್ದನ್ನು ಫ್ರೆಂಚರು ಐದು ವರ್ಷಗಳ ಕಾಲ ಎತ್ತಿ ಆಡಿದರು. ತೆರಿಗೆಯ ಪರಿಷ್ಕರಣೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಕ್ಷೌರ ಎಲ್ಲರಿಗೂ ಅರ್ಥವಾಗುತ್ತದೆ.

ಇದೆಲ್ಲವನ್ನೂ ಕೇಳಿ, ಸರಿಯಾದ ಕೆಲಸ ಮಾಡಿದವರ ಬೆಂಬಲ ಉಳಿಯುತ್ತದೆ, ತಪ್ಪಿದವರದು ಹೋಗುತ್ತದೆ ಎಂದು ಭಾವಿಸುವಂತಿಲ್ಲ. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಮೇಲೆ ಅಮೆರಿಕದ ಬೆಂಬಲದಿಂದ ನಡೆದ ಬೇ ಆಫ್ ಪಿಗ್ಸ್ ದಾಳಿ ನೆಲಕಚ್ಚಿದಾಗ ಜಾನ್ ಕೆನಡಿ ಅವರು ಅಧ್ಯಕ್ಷರಾಗಿ ಮೂರು ತಿಂಗಳಾಗಿತ್ತು. ಹೊಣೆ ನನ್ನದೇ ಎಂದು ಅವರು ಒಪ್ಪಿಕೊಂಡರು. ಜನಬೆಂಬಲ ಇಳಿಯುವ ಬದಲು ಶೇಕಡಾ 80ನ್ನು ದಾಟಿತು. ಇದಕ್ಕೆ ವಿರುದ್ಧವಾದದ್ದು ಜೆರಾಲ್ಡ್ ಫೋರ್ಡ್ ಅವರ ಅನುಭವ. ಅವರು ಚುನಾವಣೆಯಲ್ಲಿ ಗೆದ್ದು ಬಂದವರಲ್ಲ, ವಾಟರ್‌ಗೇಟ್ ಹಗರಣದಲ್ಲಿ ಸಿಲುಕಿದ ಅಧ್ಯಕ್ಷ ನಿಕ್ಸನ್ ಅವರ ರಾಜೀನಾಮೆಯಿಂದ 1974ರ ಆಗಸ್ಟ್‌ನಲ್ಲಿ ಅಧ್ಯಕ್ಷರಾದವರು. ತಿಂಗಳೊಳಗೇ, ಸೆಪ್ಟೆಂಬರ್ 8ರಂದು, ನಿಕ್ಸನ್ ಅವರಿಗೆ ಕ್ಷಮಾದಾನ ನೀಡಿದರು. ಅವರ ಪತ್ರಿಕಾ ಕಾರ್ಯದರ್ಶಿಯೇ ಪ್ರತಿಭಟಿಸಿ ಹುದ್ದೆ ಬಿಟ್ಟರು. ಬೆಂಬಲ ಕೆಲವೇ ವಾರಗಳಲ್ಲಿ 20 ಅಂಶಗಳಷ್ಟು ಕುಸಿಯಿತು. ಅದೇ ಕ್ಷಮಾದಾನಕ್ಕಾಗಿ 2001ರಲ್ಲಿ ಕೆನಡಿ ಗ್ರಂಥಾಲಯದ ಪ್ರತಿಷ್ಠಾನ ಅವರಿಗೆ ಧೈರ್ಯದ ಪುರಸ್ಕಾರ ನೀಡಿತು. ಆಗ ಅವರು ಅಧಿಕಾರ ಬಿಟ್ಟು ಸುಮಾರು ಕಾಲು ಶತಮಾನವಾಗಿತ್ತು.

ಹೋದ ಬೆಂಬಲ ಮರಳಿ ಬರುವುದೂ ಉಂಟು. ನಿರುದ್ಯೋಗ ಶೇಕಡಾ 10ನ್ನು ಮೀರಿದ್ದ 1983ರ ಜನವರಿಯಲ್ಲಿ ರೊನಾಲ್ಡ್ ರೇಗನ್ ಅವರನ್ನು ಒಪ್ಪುತ್ತಿದ್ದವರು ಶೇಕಡಾ 35 ಮಾತ್ರ. ಆರ್ಥಿಕತೆ ಚೇತರಿಸಿಕೊಂಡ ಮೇಲೆ, 1984ರ ನವೆಂಬರಿನಲ್ಲಿ ಅವರು 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದರು. ಆದರೆ ರೇಗನ್ ಅವರಿಗೆ ಕಾಯಲು ಸಮಯವಿತ್ತು, ಎರಡನೆಯ ಬಾರಿ ಮತ ಕೇಳುವ ಅವಕಾಶವಿತ್ತು.

ದಕ್ಷಿಣ ಕೊರಿಯಾದ ಅಧ್ಯಕ್ಷರಿಗೆ ಅದಿಲ್ಲ, ಅವರದು ಐದು ವರ್ಷಗಳ ಒಂದೇ ಅವಧಿ. ಲೀ ಮ್ಯುಂಗ್ ಬಾಕ್ ಅವರು 2007ರ ಡಿಸೆಂಬರಿನಲ್ಲಿ ಸಮೀಪದ ಎದುರಾಳಿಗಿಂತ 22 ಅಂಶಗಳಷ್ಟು ಮುಂದೆ ನಿಂತು ಗೆದ್ದವರು. ಅಧಿಕಾರ ವಹಿಸಿಕೊಂಡ ಎರಡನೆಯ ತಿಂಗಳಲ್ಲಿ, ಅಮೆರಿಕ ಪ್ರವಾಸದ ಹೊತ್ತಿನಲ್ಲೇ, ಹುಚ್ಚು ಹಸುವಿನ ರೋಗದ ಭಯದಿಂದ ನಿರ್ಬಂಧಿಸಿದ್ದ ಅಮೆರಿಕದ ಗೋಮಾಂಸಕ್ಕೆ ಅವರ ಸರ್ಕಾರ ಬಾಗಿಲು ತೆರೆಯಿತು. ಮೇ ತಿಂಗಳ ಆರಂಭದಲ್ಲಿ ಸೋಲ್ ನಗರದ ಬೀದಿಗಳಲ್ಲಿ ಮೊದಲು ಮೇಣದಬತ್ತಿ ಹಿಡಿದು ನಿಂತವರಲ್ಲಿ ಹೈಸ್ಕೂಲು ಹುಡುಗಿಯರೇ ಬಹಳ ಮಂದಿ. ಶಾಲೆಯ ಊಟದಲ್ಲಿ ಆ ಮಾಂಸ ಬಂದರೆ ಬೇಡವೆನ್ನಲು ನಮಗೆ ದಾರಿಯೇ ಇಲ್ಲ ಎಂಬುದು ಅವರ ಅಳಲು. ಒಂದೇ ತಿಂಗಳಲ್ಲಿ ಅಧ್ಯಕ್ಷರ ಬೆಂಬಲ ಶೇಕಡಾ 20ರ ಆಸುಪಾಸಿಗೆ ಇಳಿಯಿತು. ಜೂನ್ 10ರ ರಾತ್ರಿ ಜನಸಾಗರ ಬೀದಿ ತುಂಬಿದಾಗ ಲೀ ಅವರು ಅಧ್ಯಕ್ಷ ಭವನದ ಹಿಂದಿನ ಗುಡ್ಡವನ್ನು ಹತ್ತಿ, ಕೆಳಗೆ ಉರಿಯುತ್ತಿದ್ದ ಬತ್ತಿಗಳ ಸಾಲನ್ನು ನೋಡುತ್ತ ಕುಳಿತರಂತೆ. ಒಂಬತ್ತು ದಿನಗಳ ಬಳಿಕ ಜನರ ಕ್ಷಮೆ ಕೇಳುವಾಗ ಅವರೇ ಇದನ್ನು ಹೇಳಿದರು. ತಾವು ಹಿಂದೆ ಹಾಡಿಕೊಳ್ಳುತ್ತಿದ್ದ ಹಾಡೊಂದು ಆ ರಾತ್ರಿ ಕೆಳಗಿನ ಗುಂಪಿನಿಂದ ಕೇಳಿಬಂತು ಎಂದರು. 1964ರಲ್ಲಿ ಸರ್ಕಾರದ ವಿರುದ್ಧ ವಿದ್ಯಾರ್ಥಿಗಳ ಚಳವಳಿಯ ಮುಂದಾಳಾಗಿ ಸೆರೆಮನೆಗೆ ಹೋಗಿ ಬಂದವರು ಅವರು.

ನಮಸ್ಕಾರ.